ಗಿಡಗಂಟಿ ಸವರುವ ದೊಡ್ಡ ಕತ್ತಿಗಳು : ಅವುಗಳ ಗುಣತಾರತಮ್ಯ

ಬೇಸಾಯದ ಮುಟ್ಟುಗಳಲ್ಲಿ ನೇಗಿಲು, ಕುಂಟೆ, ಕೂರಿಗೆಗಳ ವಿಷಯದಲ್ಲಿ ರೈತರು ತೋರಿಸುವ ಎಚ್ಚರಿಕೆಯನ್ನು ಕತ್ತಿಯ ವಿಷಯದಲ್ಲಿ ತೋರಿಸುವುದು ಅಪೂರ್ವ. ನೇಗಿಲಿನ ಮೇಣಿ ಸಡಿಲವಾದರೆ ಅದೇ ದಿನ ಬಡಗಿಯನ್ನು ಕರೆಸುವ ಯಜಮಾನರೇ, ಹಿಡಿ ಅಲುಗಾಡುವ ಮಚ್ಚನ್ನು ಆಳಿನ ಕೈಗೆ ಕೊಟ್ಟು ಬೇಲಿ ಸವರಲು ಕಳುಹಿಸುವುದುಂಟು. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾದುದಿಲ್ಲ. ಕತ್ತಿಯನ್ನು ಸಂತೆಯಲ್ಲಿ ಕೊಳ್ಳುವವರು ಒಬ್ಬರು. ಬೆಳಗಿನಿಂದ ಸಂಜೆಯವರೆಗೆ ಅದನ್ನು ಬೀಸುವವರು ಮತ್ತೊಬ್ಬರು. ಕತ್ತಿಯ ದೋಷವು ಬೀಸಿದವರ ತೋಳಿಗೆ ತಿಳಿಯುತ್ತದೆಯೇ ಹೊರತು ಕೊಂಡವರ ಕಣ್ಣಿಗೆ ಬೀಳುವುದಿಲ್ಲ. ಆಳು ನಿಧಾನವಾಗಿ ಕೆಲಸ ಮಾಡುತ್ತಾನೆಂದು ಯಜಮಾನರು ಅಸಮಾಧಾನಪಡುವ ಅನೇಕ ಪ್ರಸಂಗಗಳಲ್ಲಿ ತಪ್ಪು ಕತ್ತಿಯದಾಗಿರುತ್ತದೆ. ಕೆಲವು ಪ್ರಸಂಗಗಳಲ್ಲಿ ಆ ತಪ್ಪಿನ ಬೆಲೆಯನ್ನು ಆಳು ತನ್ನ ಬೆರಳಿನಿಂದಲೋ ಮೊಣಕಾಲಿನಿಂದಲೋ ತೆರಬೇಕಾಗುತ್ತದೆ. ಆದಕಾರಣ ಯಾವ ಕೆಲಸಕ್ಕೆ ಯಾವ ಕತ್ತಿ ಯೋಗ್ಯವೆಂಬುದನ್ನು ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಚೆನ್ನಾಗಿ ತಿಳಿದಿರುವುದು ಆವಶ್ಯಕ.

೧. ಭಾರ ಮತ್ತು ವೇಗ

ದೊಡ್ಡ ಕತ್ತಿಗಳನ್ನೆಲ್ಲಾ ಎರಡು ಪಂಗಡಗಳಾಗಿ ವಿಂಗಡಿಸಬಹುದು. ಮೊದಲನೆಯವು ಉದ್ದವಾಗಿಯೂ ತೆಳುವಾಗಿಯೂ ಇದ್ದು ವೇಗದಿಂದ ಕಡಿಯುತ್ತವೆ. ಎರಡನೆಯವು ಗಿಡ್ಡವಾಗಿಯೂ ದಪ್ಪವಾಗಿಯೂ ಇದ್ದು ಭಾರದಿಂದ ಕಡಿಯುತ್ತವೆ. ಬೀಸಿದ ಕತ್ತಿಯ ತೂಕವು ಇಮ್ಮಡಿಯಾದರೆ ಪೆಟ್ಟಿನ ಶಕ್ತಿಯು ಇಮ್ಮಡಿಯಾಗುತ್ತದೆ ; ವೇಗವು ಇಮ್ಮಡಿಯಾದರೆ ಶಕ್ತಿಯು ನಾಲ್ಮಡಿಯಾಗುತ್ತದೆ. ಹಾಗಾದರೆ ಹಗುರವಾದ ಕತ್ತಿಯೇ ಸರ್ವತ್ರ ಶ್ರೇಷ್ಠವಲ್ಲವೇ ಎಂದು ಕೇಳಬಹುದು. ಹಸಿಯಾದ ಬಳ್ಳಿ, ಜೊಂಡು, ಎಳೆಯ ರೆಂಬೆಗಳ ವಿಷಯದಲ್ಲಿ ಅದು ಸತ್ಯ. ಇವು ನಿಧಾನವಾದ ಪೆಟ್ಟಿಗೆ ಬಾಗಿ ಸರಿದುಹೋಗುತ್ತವೆ. ಬಾಗುವುದಕ್ಕೆ ಮೊದಲೇ ಕಡಿಯಬೇಕಾದರೆ ವೇಗವೇ ಬೇಕು. ಒಣಗಿದ ಕಟ್ಟಿಗೆ, ಬಲಿತ ಬಿದಿರು, ಮುಳ್ಳುಗಿಡದ ಬುಡಗಳಾದರೋ ಬಾಗುವುದಿಲ್ಲ, ಎದುರಿಸಿ ನಿಲ್ಲುತ್ತವೆ. ಮನುಷ್ಯನ ತೋಳು ಕೊಡಬಲ್ಲ ವೇಗಕ್ಕೆ ಒಂದು ಮಿತಿಯುಂಟು. ಆ ಮಿತಿಯನ್ನು ಮುಟ್ಟಿದ ಮೇಲೆ ಅಲಗನ್ನು ಮರದೊಳಕ್ಕೆ ಇಳಿಸತಕ್ಕದ್ದು ಭಾರವೇ. ತೆಳುವಾದ ಕತ್ತಿಯು ಅಲ್ಲಿ ಪುಟಿಯುತ್ತದೆ, ಇಲ್ಲವೆ ಕಚ್ಚಿಕೊಂಡು ನಿಲ್ಲುತ್ತದೆ.

ಒಟ್ಟು ತೂಕದಷ್ಟೇ ಮುಖ್ಯವಾದುದು ಆ ತೂಕವು ಎಲ್ಲಿದೆ ಎಂಬುದು. ಕತ್ತಿಯನ್ನು ಒಂದು ಬೆರಳಿನ ಮೇಲೆ ಅಡ್ಡಲಾಗಿಟ್ಟು ಸಮವಾಗಿ ತೂಗುವ ಸ್ಥಳವನ್ನು ಗುರುತಿಸಬೇಕು. ಆ ಸ್ಥಳವು ಹಿಡಿಗೆ ಹತ್ತಿರವಿದ್ದರೆ ಕತ್ತಿಯು ಕೈಗೆ ಹಗುರವೆನಿಸಿ ದಿನವೆಲ್ಲಾ ಬೀಸಲು ಅನುಕೂಲವಾಗುತ್ತದೆ. ಮೂತಿಯ ಕಡೆಗೆ ಸರಿದಷ್ಟೂ ಪೆಟ್ಟು ಬಲವಾಗುತ್ತದೆ, ಮಣಿಕಟ್ಟಿನ ಆಯಾಸವೂ ಹೆಚ್ಚುತ್ತದೆ. ಒಂದೇ ತೂಕದ ಎರಡು ಕತ್ತಿಗಳು ಕೈಗೆ ಬೇರೆ ಬೇರೆಯಾಗಿ ತೋರುವುದು ಈ ಕಾರಣದಿಂದಲೇ.

೨. ನಮ್ಮ ನಾಡಿನ ಕತ್ತಿಗಳು

ಬಯಲುಸೀಮೆಯ ಮಚ್ಚು ಎರಡನೆಯ ಪಂಗಡಕ್ಕೆ ಸೇರಿದುದು. ಅಗಲವಾದ ಅಲಗು, ದಪ್ಪವಾದ ಬೆನ್ನು, ಗಿಡ್ಡ ಹಿಡಿ ಇವು ಅದರ ಲಕ್ಷಣ. ಎಳನೀರು ಕೆತ್ತುವುದಕ್ಕೂ, ಸೌದೆ ಸೀಳುವುದಕ್ಕೂ, ಗೂಟ ಚೂಪು ಮಾಡುವುದಕ್ಕೂ ಇದಕ್ಕೆ ಸಮನಾದುದಿಲ್ಲ. ಆದರೆ ಹುಲ್ಲು ಬಳ್ಳಿಗಳನ್ನು ಸವರುವುದಕ್ಕೆ ಇದನ್ನು ಕೊಟ್ಟರೆ ಆಳು ಮಧ್ಯಾಹ್ನದ ಹೊತ್ತಿಗೆ ದಣಿಯುವುದು ನಿಶ್ಚಯ.

ಮಲೆನಾಡಿನ ಕತ್ತಿಯ ಮೂತಿಯು ಒಳಕ್ಕೆ ಬಾಗಿ ಕೊಕ್ಕಿನಂತಿರುತ್ತದೆ. ಈ ಕೊಕ್ಕಿನಿಂದ ಮೂರು ಪ್ರಯೋಜನಗಳುಂಟು. ರೆಂಬೆಯು ಅಲಗಿನಿಂದ ಜಾರಿಹೋಗದಂತೆ ತಡೆಯುವುದು ಒಂದು ; ಮುಳ್ಳಿನ ಪೊದೆಯನ್ನು ಕೈ ಹಾಕದೆ ಎಳೆದುಕೊಳ್ಳಲು ಸಾಧ್ಯವಾಗುವುದು ಎರಡು ; ನೆಲದ ಮಟ್ಟದಲ್ಲಿ ಕಡಿಯುವಾಗ ಬಾಯಿಯು ಕಲ್ಲಿಗೆ ತಗಲುವ ಮೊದಲೇ ಕೊಕ್ಕು ತಗಲಿ ಬಾಯಿಯನ್ನು ಕಾಯುವುದು ಮೂರು. ಅಡಕೆ ತೋಟಗಳಿಗಾಗಿ ಸೊಪ್ಪಿನ ಬೆಟ್ಟಗಳಲ್ಲಿ ಮರವೇರಿ ಸೊಪ್ಪು ಕಡಿಯುವವರು ಈ ಆಕಾರವನ್ನು ಬಿಟ್ಟು ಬೇರೊಂದನ್ನು ಮೆಚ್ಚುವುದಿಲ್ಲ. ನಡುವಿಗೆ ಕಟ್ಟಿದ ಮರದ ಕೊಕ್ಕೆಯಲ್ಲಿ ಕತ್ತಿಯನ್ನು ಬೆನ್ನಿನ ಕಡೆಗೆ ಸಿಕ್ಕಿಸಿಕೊಳ್ಳುವ ಅವರ ಪದ್ಧತಿಯೂ ಅನುಕರಣೀಯ. ಮರವೇರುವಾಗ ಎರಡು ಕೈಗಳೂ ಬಿಡುವಾಗಿರುತ್ತವೆ.

ಕೊಡಗಿನ ಒಡಿಕತ್ತಿಯು ಅಗಲವಾದ, ಒಳಬಾಗಿದ ಅಲಗುಳ್ಳದ್ದು. ಅದನ್ನು ಬೆನ್ನಿನ ಮೇಲಣ ಹಿತ್ತಾಳೆಯ ತೊಡಂಗಿನಲ್ಲಿ ಧರಿಸುವುದು ವಾಡಿಕೆ. ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ತಿಂಗಳ ಆದಿಯಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಇದನ್ನು ಇತರ ಆಯುಧಗಳೊಡನೆ ಪೂಜಿಸುತ್ತಾರೆ. ಇಂದು ಇದು ಬಹುಮಟ್ಟಿಗೆ ಮರ್ಯಾದೆಯ ಉಡುಪಿನ ಅಂಗವಾಗಿದ್ದು, ತೋಟದ ಕೆಲಸಕ್ಕೆ ಸಾಧಾರಣವಾದ ಕತ್ತಿಗಳನ್ನೇ ಬಳಸುತ್ತಾರೆ. ಅಗಲದ ಅಲಗು ಮುಂಭಾರವಾಗಿ ಬೀಳುವ ಅದೇ ತತ್ತ್ವವು ಆ ಕತ್ತಿಗಳಲ್ಲಿಯೂ ಕಂಡುಬರುತ್ತದೆ.

ಉತ್ತರದ ಜಿಲ್ಲೆಗಳ ಕಬ್ಬಿನ ಸೀಮೆಯಲ್ಲಿ ಬಳಸುವ ಕೊಯ್ತಾ ಹಗುರವಾದುದು. ಕಬ್ಬಿನ ಬುಡದ ಗೆಣ್ಣುಗಳಲ್ಲಿ ಸಕ್ಕರೆಯ ಅಂಶವು ಹೆಚ್ಚಾದುದರಿಂದ ನೆಲಕ್ಕೆ ಸಮನಾಗಿ ಕಡಿಯಬೇಕು. ಒಂದು ಗೇಣು ಮೋಟು ಬಿಟ್ಟರೆ ನಷ್ಟವೇ ಸರಿ. ಬಗ್ಗಿ ಕಡಿಯುವ ಈ ಕೆಲಸಕ್ಕೆ ಭಾರವಾದ ಮಚ್ಚು ಯೋಗ್ಯವಲ್ಲ.

೩. ಪರದೇಶದ ಕತ್ತಿಗಳು

ಈಚೆಗೆ ಪೇಟೆಗಳಲ್ಲಿ ಪರದೇಶದ ಮಾದರಿಯ ಕತ್ತಿಗಳೂ ದೊರೆಯುತ್ತಿವೆ. ಅವುಗಳ ಹೊಳಪಿಗೆ ಮರುಳಾಗುವುದಕ್ಕೆ ಮೊದಲು ಅವು ಹುಟ್ಟಿದ ನೆಲವನ್ನು ವಿಚಾರಿಸುವುದು ಒಳ್ಳೆಯದು.

ಮಷೆಟಿ ಎಂಬುದು ಮಧ್ಯ ಮತ್ತು ದಕ್ಷಿಣ ಅಮೆರಿಕಗಳ ಕತ್ತಿ. ಅಲಗಿನ ಉದ್ದವು ಸಾಮಾನ್ಯವಾಗಿ ೧೮ರಿಂದ ೨೨ ಅಂಗುಲ, ದಪ್ಪವು ೨ರಿಂದ ೩ ಮಿಲಿಮೀಟರ್. ಕಬ್ಬು, ಬಾಳೆ, ಹಸಿರು ಪೊದೆಗಳ ನಾಡಿನಲ್ಲಿ ಹುಟ್ಟಿದ ಈ ಕತ್ತಿಯು ವೇಗದ ಪಂಗಡಕ್ಕೆ ಉತ್ತಮ ನಿದರ್ಶನ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಕನೆಕ್ಟಿಕಟ್ ಪ್ರಾಂತದಲ್ಲಿ ೧೮೨೬ನೆಯ ಇಸವಿಯಲ್ಲಿ ಸ್ಥಾಪಿತವಾಗಿ ೧೯೬೬ರಲ್ಲಿ ಮುಚ್ಚಿಹೋದ ಕಾಲಿನ್ಸ್ ಕಂಪನಿಯು ಇವನ್ನು ಹೇರಳವಾಗಿ ತಯಾರಿಸಿ ಆ ದೇಶಗಳಿಗೆ ಕಳುಹಿಸುತ್ತಿತ್ತು. ಒಂದೊಂದು ಸೀಮೆಯ ಬೇಸಾಯಗಾರರು ಒಂದೊಂದು ಆಕಾರವನ್ನು ಬಯಸುತ್ತಿದ್ದುದರಿಂದ ಆ ಕಂಪನಿಯು ಬಗೆಬಗೆಯ ಮಾದರಿಗಳನ್ನು ಮಾಡಬೇಕಾಯಿತು. ಕಾರ್ಖಾನೆಯು ಹೊಲಕ್ಕೆ ಹೊಂದಿಕೊಂಡಿತೇ ಹೊರತು ಹೊಲವು ಕಾರ್ಖಾನೆಗೆ ಹೊಂದಿಕೊಳ್ಳಲಿಲ್ಲ.

ಮಲಯ ದೇಶದ ಪರಾಂಗ್ ಮತ್ತು ಇಂಡೊನೇಷ್ಯದ ಗೊಲೊಕ್ ಇವು ಮಷೆಟಿಗಿಂತ ಗಿಡ್ಡ, ಅದಕ್ಕಿಂತ ದಪ್ಪ. ಆ ಕಾಡುಗಳಲ್ಲಿ ಹಸಿರು ಬಳ್ಳಿಗಳೊಡನೆ ಗಟ್ಟಿಮರವೂ ಬಿದಿರೂ ಬೆಳೆಯುವುದರಿಂದ ಈ ರೂಪವು ಬಂದಿದೆ. ಅಲಗು ಮೂತಿಯ ಕಡೆಗೆ ಅಗಲವಾಗಿ ಭಾರವು ಮುಂದೆ ಸೇರಿರುತ್ತದೆ. ಪರಾಂಗಿನ ಬಾಯಿಯನ್ನು ಮೂರು ಭಾಗಗಳಾಗಿ ಮಸೆಯುವ ಸಂಪ್ರದಾಯವೊಂದುಂಟು. ಮೂತಿಯ ಭಾಗವು ಚರ್ಮ ಸುಲಿಯುವುದಕ್ಕಾಗಿ ಅತಿ ಹರಿತ ; ನಡುವಿನ ಭಾಗವು ಕಡಿಯುವುದಕ್ಕಾಗಿ ದಪ್ಪ ; ಹಿಡಿಯ ಹತ್ತಿರದ ಭಾಗವು ಕೆತ್ತುವುದಕ್ಕಾಗಿ ನಯ. ನಮ್ಮ ಕಮ್ಮಾರರಿಗೆ ಹೇಳಿದರೆ ಇದನ್ನು ನಮ್ಮ ಕತ್ತಿಗಳಿಗೂ ಸುಲಭವಾಗಿ ಮಾಡಿಕೊಡುವರು.

ನೇಪಾಳದ ಖುಕುರಿಯು ಮುಂದಕ್ಕೆ ಬಾಗಿ ಹೊಟ್ಟೆಯಲ್ಲಿ ಅಗಲವಾಗಿರುತ್ತದೆ. ಅಲಗು ಸಾಮಾನ್ಯವಾಗಿ ೧೦ರಿಂದ ೧೨ ಅಂಗುಲ. ಬೆನ್ನಿನ ದಪ್ಪವು ೬ ಮಿಲಿಮೀಟರಿಗೂ ಮೀರಿರುವುದುಂಟು. ಚಿಕ್ಕ ಅಲಗಿನಿಂದ ಕೊಡಲಿಯ ಪೆಟ್ಟನ್ನು ಪಡೆಯುವ ಉಪಾಯವಿದು. ಅಲ್ಲಿನ ಕಮ್ಮಾರರು ಕಾದ ಅಲಗಿನ ಬಾಯಿಗೆ ಮಾತ್ರ ಗಿಂಡಿಯಿಂದ ನೀರು ಸುರಿದು ಹದ ಕೊಡುತ್ತಾರೆ. ಇದರಿಂದ ಬಾಯಿಯು ಗಟ್ಟಿಯಾಗಿ ಬೆನ್ನು ಮೆತುವಾಗಿ ಉಳಿದು, ಕತ್ತಿಯು ಮುರಿಯುವ ಭಯ ತಪ್ಪುತ್ತದೆ. ಸೌದೆಗೂ ಬಿಡಾರಕ್ಕೂ ಇದು ಮೇಲು. ಗಿಡ್ಡವಾದುದರಿಂದ ನೆಲಮಟ್ಟದ ಪೊದೆ ಸವರುವವರು ಹೆಚ್ಚು ಬಗ್ಗಬೇಕಾಗುತ್ತದೆ.

೪. ಯಾವ ಕೆಲಸಕ್ಕೆ ಯಾವ ಕತ್ತಿ

ಲಂಟಾನ : ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಲಂಕಾರದ ಗಿಡವಾಗಿ ಹಿಂದೂದೇಶಕ್ಕೆ ಬಂದ ಈ ಪೊದೆಯು ಇಂದು ಗೋಮಾಳ, ಬೇಲಿಸಾಲು, ಕಾಡಂಚುಗಳನ್ನೆಲ್ಲಾ ಆಕ್ರಮಿಸಿದೆ. ಮೇಲೆ ಮೇಲೆ ಸವರಿದರೆ ಇದು ನಾಶವಾಗುವುದಿಲ್ಲ. ಕಡಿದ ಮೋಟಿನಿಂದ ಹಲವು ಚಿಗುರುಗಳು ಹೊರಟು ಮೊದಲಿಗಿಂತ ದಟ್ಟವಾಗುತ್ತದೆ. ಆದುದರಿಂದ ಕೊಕ್ಕಿನ ಕತ್ತಿಯಿಂದ ಸುತ್ತಲಿನ ರೆಂಬೆಗಳನ್ನು ಸವರಿ ದಾರಿ ಮಾಡಿಕೊಂಡು, ಅನಂತರ ಗುದ್ದಲಿ ಅಥವಾ ಪಿಕಾಸಿಯಿಂದ ತಾಯಿಬೇರನ್ನು ಮಣ್ಣಿನ ಮಟ್ಟಕ್ಕಿಂತ ಎರಡು ಮೂರು ಅಂಗುಲ ಕೆಳಗೆ ಕಡಿದು, ಪೊದೆಯನ್ನು ಬುಡ ಮೇಲಾಗಿ ಮಗುಚಿ ಒಣಗಲು ಬಿಡಬೇಕು. ಕಾಯಿ ಬಲಿಯುವುದಕ್ಕೆ ಮೊದಲೇ ಈ ಕೆಲಸ ಮುಗಿಯತಕ್ಕದ್ದು. ಕತ್ತಿಯೊಂದರಿಂದಲೇ ಲಂಟಾನವನ್ನು ಗೆಲ್ಲುವೆನೆಂದು ಹೊರಟವರು ವರ್ಷ ವರ್ಷವೂ ಅದೇ ಕೂಲಿಯನ್ನು ತೆರುತ್ತಿರುತ್ತಾರೆ.

ಬಿದಿರು : ಬಿದಿರಿನ ಮೈಯಲ್ಲಿ ಮರಳಿನ ಜಾತಿಯ ಸಿಲಿಕ ಪದಾರ್ಥವಿರುವುದರಿಂದ ಬಾಯಿಯು ಬೇಗ ಮೊಂಡಾಗುತ್ತದೆ. ೧೨ರಿಂದ ೧೪ ಅಂಗುಲದ ಭಾರವಾದ ಕತ್ತಿ ಬೇಕು. ಮೂರು ವರ್ಷ ತುಂಬಿದ ಗಳುಗಳನ್ನು ಆರಿಸಿ, ನೆಲದಿಂದ ಒಂದೆರಡು ಗೆಣ್ಣುಗಳನ್ನು ಬಿಟ್ಟು, ಗೆಣ್ಣಿನ ಮೇಲ್ಗಡೆಯೇ ಕಡಿಯಬೇಕು. ಗೆಣ್ಣಿನ ಮೇಲೆ ಬಟ್ಟಲಿನಂತೆ ಜಾಗ ಉಳಿದರೆ ಮಳೆಯ ನೀರು ನಿಂತು ಮೆಳೆಯ ಬುಡ ಕೊಳೆಯುವುದು, ಸೊಳ್ಳೆಗಳೂ ಹುಟ್ಟುವುವು.

ಮರಗಸಿ ಮತ್ತು ಸೊಪ್ಪು : ಕಾಫಿ ತೋಟದ ನೆರಳು ಮರಗಳ ರೆಂಬೆ ಕಡಿಯುವವನು ಒಂದು ಕೈಯಲ್ಲಿ ಮರವನ್ನು ಹಿಡಿದಿರುತ್ತಾನೆ. ಆತನಿಗೆ ೧೦ ಅಂಗುಲಕ್ಕೆ ಮೀರಿದ ಅಲಗು ಅಪಾಯಕರ. ಕೊಕ್ಕಿನ ಕತ್ತಿಯೇ ಯೋಗ್ಯ. ದಪ್ಪ ರೆಂಬೆಗೆ ಮೊದಲು ಕೆಳಗಡೆ ಒಂದು ಗಾಯ ಮಾಡಿ, ಆಮೇಲೆ ಮೇಲಿನಿಂದ ಕಡಿದರೆ ತೊಗಟೆ ಸುಲಿದು ಬರುವುದಿಲ್ಲ.

ಬಿಡಾರದ ಕೆಲಸ : ಕಾಡಂಚಿನ ಹೊಲಗಳಲ್ಲಿ ಪೈರು ಕಾಯಲು ಅಟ್ಟಣೆ ಕಟ್ಟುವುದು, ಕುರಿಹಟ್ಟಿಗೆ ಮುಳ್ಳುಬೇಲಿ ಹಾಕುವುದು, ಗೂಟ ಕೆತ್ತುವುದು, ಸೌದೆ ಒಡೆಯುವುದು ಇವೆಲ್ಲಕ್ಕೂ ಒಂದೇ ಕತ್ತಿಯನ್ನು ಒಯ್ಯಬೇಕಾದಾಗ ೧೦ರಿಂದ ೧೨ ಅಂಗುಲದ ಅಲಗು, ಸುಮಾರು ೫ ಮಿಲಿಮೀಟರ್ ದಪ್ಪದ ಬೆನ್ನು ಇರುವುದನ್ನು ಆರಿಸಬೇಕು. ಸೌದೆ ಸೀಳುವಾಗ ಅಲಗನ್ನು ಕಟ್ಟಿಗೆಯ ತಲೆಯ ಮೇಲಿಟ್ಟು ಬೆನ್ನಿಗೆ ಮರದ ಕೊಡತಿಯಿಂದ ಬಡಿಯುವುದು ಕ್ಷೇಮಕರ. ಕಲ್ಲಿನಿಂದಾಗಲಿ ಸುತ್ತಿಗೆಯಿಂದಾಗಲಿ ಬಡಿಯಕೂಡದು. ತೆಳುವಾದ ಮಷೆಟಿಯು ಈ ಕೆಲಸದಲ್ಲಿ ತಿರುಚಿಕೊಳ್ಳುತ್ತದೆ.

ಮೇಲಣ ವಿಷಯಗಳ ಸಂಗ್ರಹವನ್ನು ಜ್ಞಾಪಕಾರ್ಥವಾಗಿ ಇಲ್ಲಿ ಕೊಟ್ಟಿದೆ :

ಹುಲ್ಲು, ಜೊಂಡು, ಹಸಿ ಬಳ್ಳಿ — ಮಷೆಟಿಯ ಮಾದರಿ — ಅಲಗು ೧೮–೨೨ ಅಂಗುಲ — ಬೆನ್ನು ೨–೩ ಮಿ.ಮೀ.
ಲಂಟಾನ, ಮುಳ್ಳುಬೇಲಿ — ಕೊಕ್ಕಿನ ಕತ್ತಿ — ೧೦–೧೨ ಅಂಗುಲ — ೪–೫ ಮಿ.ಮೀ.
ಮರಗಸಿ, ಸೊಪ್ಪು — ಗಿಡ್ಡ ಕೊಕ್ಕಿನ ಕತ್ತಿ — ೮–೧೦ ಅಂಗುಲ — ೪ ಮಿ.ಮೀ.
ಬಿದಿರು — ಭಾರವಾದ ಕತ್ತಿ, ಪರಾಂಗ್ — ೧೨–೧೪ ಅಂಗುಲ — ೫–೬ ಮಿ.ಮೀ.
ಬಿಡಾರ, ಸೌದೆ — ಮಚ್ಚು, ಖುಕುರಿ — ೧೦–೧೨ ಅಂಗುಲ — ೫–೬ ಮಿ.ಮೀ.

೫. ಉಕ್ಕು ಮತ್ತು ಹದ

ಆಕಾರವು ಎಷ್ಟು ಚೆನ್ನಾಗಿದ್ದರೂ ಉಕ್ಕು ಸರಿಯಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಕಬ್ಬಿಣವು ಹದವನ್ನು ಹಿಡಿಯಬೇಕಾದರೆ ಅದರಲ್ಲಿ ಸಾಕಷ್ಟು ಇಂಗಾಲವಿರಬೇಕು. ಕಟ್ಟಡದ ಸರಳು, ತಗಡುಗಳ ಮೆತು ಉಕ್ಕಿನಲ್ಲಿ ಇಂಗಾಲವು ನೂರಕ್ಕೆ ಕಾಲು ಪಾಲಿಗಿಂತ ಕಡಿಮೆಯಾದುದರಿಂದ ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಬಾಯಿ ನಿಲ್ಲುವುದಿಲ್ಲ. ಲಾರಿಯ ಕಮಾನುಪಟ್ಟಿಯಲ್ಲಿ ಇಂಗಾಲವು ನೂರಕ್ಕೆ ಅರ್ಧ ಪಾಲಿಗೂ ಮೇಲ್ಪಟ್ಟಿರುವುದರಿಂದ ನಮ್ಮ ಕಮ್ಮಾರರು ಅದನ್ನು ಆರಿಸುವುದು ಯುಕ್ತವೇ ಆಗಿದೆ. ಆದರೆ ಬಹುಕಾಲ ದುಡಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದಾದುದರಿಂದ, ಮುರಿದ ಪಟ್ಟಿಯ ತುಂಡನ್ನು ಬಿಟ್ಟು ಮುರಿಯದುದನ್ನು ತರುವುದು ಲೇಸು.

ಈ ವಿದ್ಯೆಯು ನಮ್ಮ ನಾಡಿಗೆ ಹೊಸತಲ್ಲ. ೧೮೦೦–೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ೧೮೦೭ರಲ್ಲಿ ತನ್ನ ಪ್ರವಾಸ ಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕನನ್ ಎಂಬಾತನು, ಇಲ್ಲಿನವರು ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಟ್ಟಿಗೆ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಕಾಯಿಸಿ ಉಕ್ಕು ಮಾಡುತ್ತಿದ್ದ ಕ್ರಮವನ್ನು ವರ್ಣಿಸಿದ್ದಾನೆ. ಆ ಕಟ್ಟಿಗೆ ಎಲೆಗಳಿಂದ ಬಂದ ಇಂಗಾಲವೇ ಕಬ್ಬಿಣವನ್ನು ಉಕ್ಕಾಗಿ ಮಾಡುತ್ತಿದ್ದುದು.

ಹದ ಕೊಡುವುದರಲ್ಲಿ ಎರಡು ಹಂತಗಳುಂಟು. ಅಲಗನ್ನು ಅಯಸ್ಕಾಂತವು ಹಿಡಿಯದಷ್ಟು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುವುದು ಮೊದಲನೆಯದು. ಇದರಿಂದ ಉಕ್ಕು ಗಾಜಿನಂತೆ ಗಡುಸಾಗುತ್ತದೆ. ಅನಂತರ ಅಲಗನ್ನು ಉಜ್ಜಿ ಬೆಳಗಿಸಿ ಮತ್ತೆ ಮಂದವಾಗಿ ಕಾಯಿಸುವುದು ಎರಡನೆಯದು. ಹೀಗೆ ಕಾಯುವಾಗ ಲೋಹದ ಮೇಲೆ ಹುಲ್ಲಿನ ಹಳದಿ, ಕಂದು, ಊದಾ, ನೀಲಿ ಬಣ್ಣಗಳು ಕ್ರಮವಾಗಿ ಕಾಣುತ್ತವೆ. ಹುಲ್ಲಿನ ಹಳದಿಯು ಸುಮಾರು ೨೨೦ ಡಿಗ್ರಿ, ನೀಲಿಯು ಸುಮಾರು ೩೦೦ ಡಿಗ್ರಿ ಸೆಂಟಿಗ್ರೇಡ್ ಶಾಖವನ್ನು ಸೂಚಿಸುತ್ತವೆ. ಪೆಟ್ಟಿಗೆ ಬಳಸುವ ದೊಡ್ಡ ಕತ್ತಿಯನ್ನು ಊದಾ ಬಣ್ಣವು ನೀಲಿಗೆ ತಿರುಗುವವರೆಗೆ ಬಿಡಬೇಕು. ಈ ಎರಡನೆಯ ಹಂತವನ್ನು ಅವಸರದಲ್ಲಿ ಬಿಟ್ಟುಬಿಡುವುದರಿಂದಲೇ ಬಾಯಿಯು ಚೂರು ಚೂರಾಗಿ ಹಾರಿ ಕಣ್ಣಿಗೆ ಬೀಳುವ ಸಂಭವವುಂಟು.

ಕೊಳ್ಳುವಾಗ ಪರೀಕ್ಷಿಸುವ ಬಗೆ ಹೀಗೆ : ಹೊಸ ಅರದಿಂದ ಬಾಯಿಯನ್ನು ಮೆಲ್ಲಗೆ ಉಜ್ಜಬೇಕು. ಅರವು ಜಾರಿದರೆ ಹದ ಅತಿಯಾಯಿತು. ಮೃದುವಾಗಿ ಕೊರೆದುಹೋದರೆ ಹದ ಸಾಲದು. ಬಿಗಿಯಾಗಿ ಕಚ್ಚಿದರೆ ಸರಿ. ಅನಂತರ ಒಣ ಬಿದಿರಿನ ಗೆಣ್ಣಿನ ಮೇಲೆ ಹತ್ತು ಪೆಟ್ಟು ಹಾಕಿ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಬಾಯಿ ಮಡಿಸಿದ್ದರೂ ಒಡೆದಿದ್ದರೂ ಅಂತಹ ಕತ್ತಿಯನ್ನು ಹಿಂದಕ್ಕೆ ಕೊಡತಕ್ಕದ್ದು.

೬. ಹಿಡಿ ಮತ್ತು ಸಾಣೆ

ಅಲಗಿನಿಂದ ಹಿಡಿಯೊಳಕ್ಕೆ ಹೋಗುವ ಬಾಲವು ಹಿಡಿಯ ತುದಿಯವರೆಗೂ ಮುಟ್ಟಿ, ಅಲ್ಲಿ ಮಡಿಸಿ ಬಡಿದಿರಬೇಕು. ಇಲ್ಲವೆ ಅಗಲವಾದ ಬಾಲಕ್ಕೆ ಎರಡು ಕಡೆಯೂ ಮರವನ್ನು ಕೂರಿಸಿ ಮೂರು ಕಡೆ ಮೊಳೆ ಬಿಗಿದಿರಬೇಕು. ಗಿಡ್ಡ ಬಾಲವನ್ನು ಅರಗಿನಿಂದ ಮಾತ್ರ ಅಂಟಿಸಿದ ಕತ್ತಿಯು ಬಿಸಿಲಿಗೆ ಸಡಿಲವಾಗಿ, ಬೀಸುವಾಗ ಅಲಗು ಬಾಣದಂತೆ ಹಾರುವುದುಂಟು. ಹಿಡಿಯ ತುದಿಯು ಸ್ವಲ್ಪ ಕೆಳಕ್ಕೆ ಬಾಗಿ ದಪ್ಪವಾಗಿದ್ದರೆ ಬೆವರಿದ ಕೈಯಿಂದ ಜಾರದು. ಹಿಡಿಯ ದಪ್ಪವನ್ನು ಹಿಡಿಯುವವನ ಕೈಗೆ ಸರಿಯಾಗಿ ಕೆತ್ತಿಸಬೇಕು. ಹೆಣ್ಣಾಳುಗಳ ಕೈಗೆ ಗಂಡಾಳುಗಳ ಹಿಡಿಯನ್ನು ಕೊಡುವುದು ಬೆರಳು ಸೋಲುವುದಕ್ಕೆ ಕಾರಣ.

ಮಸೆಯುವಾಗ, ಎರಡು ಅಂಗುಲ ಅಗಲದ ಅಲಗಾದರೆ ಬೆನ್ನನ್ನು ಕಲ್ಲಿನಿಂದ ಸುಮಾರು ಮುಕ್ಕಾಲು ಅಂಗುಲ ಎತ್ತಿ ಹಿಡಿಯುವುದು ಕಡಿಯುವ ಕೆಲಸಕ್ಕೆ ತಕ್ಕ ಓರೆ. ಇದಕ್ಕಿಂತ ತಗ್ಗಿಸಿದರೆ ಬಾಯಿ ಹರಿತವಾದರೂ ಬೇಗ ಮುಕ್ಕಾಗುವುದು. ಯಂತ್ರದ ಸಾಣೆಯಲ್ಲಿ ಒತ್ತಿ ಹಿಡಿದು ಬಾಯಿ ನೀಲಿಗಟ್ಟಿತೆಂದರೆ ಆ ಭಾಗದ ಹದವು ಹೋಯಿತೆಂದೇ ತಿಳಿಯಬೇಕು. ಅಡಿಗಡಿಗೆ ನೀರಿನಲ್ಲಿ ಅದ್ದುತ್ತಾ ಮಸೆಯುವುದೂ, ದಿನದ ಕೆಲಸ ಮುಗಿದೊಡನೆ ಅಲಗನ್ನು ಒರಸಿ ಎಣ್ಣೆ ಸವರುವುದೂ ಕತ್ತಿಯ ಆಯುಷ್ಯವನ್ನು ಹೆಚ್ಚಿಸುತ್ತವೆ. ಮೊಂಡು ಕತ್ತಿಯು ಹರಿತವಾದ ಕತ್ತಿಗಿಂತ ಅಪಾಯಕರವೆಂಬುದನ್ನು ಮರೆಯಬಾರದು. ಅದು ಕಚ್ಚದೆ ಜಾರಿ ಕಾಲಿಗೆ ಬರುತ್ತದೆ.

೭. ಅಪಾಯ ನಿವಾರಣೆ

ಸಾಲಾಗಿ ಸವರುವ ಆಳುಗಳ ನಡುವೆ ಎರಡು ಮಾರಿಗೆ ಕಡಿಮೆಯಿಲ್ಲದ ಅಂತರವಿರಬೇಕು. ಇಳಿಜಾರಿನಲ್ಲಿ ಒಬ್ಬನ ಕೆಳಗೆ ಮತ್ತೊಬ್ಬನನ್ನು ನಿಲ್ಲಿಸಕೂಡದು. ಪೆಟ್ಟನ್ನು ಮೈಯಿಂದ ಹೊರಕ್ಕೆ ಬೀಳುವಂತೆ ಓರೆಯಾಗಿ ಹಾಕಬೇಕು. ಓರೆಯಾಗಿ ಕಡಿದ ಮೋಟುಗಳು ಈಟಿಯಂತೆ ನಿಂತು ಬರಿಗಾಲಿನವರಿಗೂ ದನಕರುಗಳಿಗೂ ಗಾಯ ಮಾಡುವುದರಿಂದ, ಅವನ್ನು ಸಂಜೆಯೊಳಗೆ ನೆಲಕ್ಕೆ ಸಮನಾಗಿ ಕಡಿಸಿಬಿಡುವುದು ಯಜಮಾನರ ಕರ್ತವ್ಯ. ಕತ್ತಿಯನ್ನು ಒಯ್ಯುವಾಗ ಒರೆಯಿರಬೇಕು. ಕೈಯಿಂದ ಕೈಗೆ ಎಸೆಯಬಾರದು. ಗಾಯವಾದರೆ ಅರಿಸಿನ, ಹೊಗೆಸೊಪ್ಪು, ಮಣ್ಣು ಮೆತ್ತದೆ, ಶುದ್ಧವಾದ ಬಟ್ಟೆಯನ್ನು ಬಲವಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದೊಯ್ದು, ಧನುರ್ವಾಯುವನ್ನು ತಡೆಯುವ ಚುಚ್ಚುಮದ್ದಿನ ವಿಷಯವನ್ನು ವೈದ್ಯರಲ್ಲಿ ವಿಚಾರಿಸಬೇಕು.

ಕಾನೂನಿನ ವಿಷಯವಾಗಿ ಎರಡು ಮಾತು. ೧೯೫೯ನೆಯ ಇಸವಿಯ ಆಯುಧಗಳ ಅಧಿನಿಯಮವು ಕೇವಲ ಗೃಹಕೃತ್ಯಕ್ಕೂ ಬೇಸಾಯಕ್ಕೂ ಉದ್ದೇಶಿಸಿದ ವಸ್ತುಗಳನ್ನು ಆಯುಧಗಳೆಂದು ಎಣಿಸುವುದಿಲ್ಲ. ಆದರೂ ಕೆಲಸದ ಕತ್ತಿಯನ್ನು ಜಾತ್ರೆ ಸಂತೆಗಳಿಗೆ ಸೊಂಟದಲ್ಲಿ ಸಿಕ್ಕಿಸಿಕೊಂಡು ಹೋಗುವುದು ಅನರ್ಥಕ್ಕೆ ದಾರಿ. ಕತ್ತಿಯು ಪೊದೆಗಳಿಗೇ ಮೀಸಲಾಗಿರಲಿ. ಮರ ಕಡಿಯುವುದಕ್ಕೆ ೧೯೭೬ನೆಯ ಇಸವಿಯ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ಅನುಮತಿ ಬೇಕಾಗಬಹುದಾದುದರಿಂದ ಮೊದಲೇ ಅರಣ್ಯ ಇಲಾಖೆಯವರಲ್ಲಿ ವಿಚಾರಿಸಿಕೊಳ್ಳತಕ್ಕದ್ದು.

೮. ಸ್ವತಃ ಪರೀಕ್ಷಿಸುವ ಕ್ರಮ

ಈ ಲೇಖನವನ್ನು ಓದಿದ ಮಾತ್ರಕ್ಕೆ ಹಳೆಯ ಕತ್ತಿಗಳನ್ನೆಲ್ಲಾ ಬಿಸುಟು ಹೊಸತನ್ನು ಕೊಳ್ಳಬೇಕಾದುದಿಲ್ಲ. ಎರಡು ಮಾದರಿಗಳನ್ನು ತೆಗೆದುಕೊಂಡು, ಒಂದೇ ಬಗೆಯ ಪೊದೆಯಿರುವ ಬೇಲಿಸಾಲನ್ನು ನಾಲ್ಕು ಸಮಭಾಗಗಳಾಗಿ ಅಳೆದು ಗೂಟ ಹೊಡೆಯಿರಿ. ಇಬ್ಬರು ಆಳುಗಳಿಗೆ ಒಂದೊಂದು ಭಾಗದಲ್ಲಿ ಒಂದೊಂದು ಕತ್ತಿಯನ್ನು ಕೊಟ್ಟು, ಮಿಕ್ಕ ಎರಡು ಭಾಗಗಳಲ್ಲಿ ಕತ್ತಿಗಳನ್ನು ಅದಲು ಬದಲು ಮಾಡಿರಿ. ಹೀಗೆ ಮಾಡಿದರೆ ಆಳಿನ ಬಲಾಬಲವು ಕತ್ತಿಯ ಗುಣದೊಡನೆ ಬೆರೆಯುವುದಿಲ್ಲ. ಪ್ರತಿಯೊಂದು ಭಾಗಕ್ಕೂ ಹಿಡಿದ ಹೊತ್ತು, ಎಷ್ಟು ಸಲ ಮಸೆಯಬೇಕಾಯಿತು ಎಂಬ ಎರಡು ಲೆಕ್ಕಗಳನ್ನು ಬರೆದಿಡಿರಿ. ಬಳಿಕ ಆಳುಗಳಿಬ್ಬರನ್ನೂ ಬೇರೆ ಬೇರೆಯಾಗಿ ಕರೆದು, ನಾಳೆಯ ಕೆಲಸಕ್ಕೆ ಯಾವ ಕತ್ತಿಯನ್ನು ಕೇಳುವಿರೆಂದು ವಿಚಾರಿಸಿರಿ. ಅವರ ಉತ್ತರವೂ ಗಡಿಯಾರದ ಲೆಕ್ಕವೂ ಒಂದಾದರೆ ಆ ಕತ್ತಿಯನ್ನೇ ಊರ ಕಮ್ಮಾರನಿಗೆ ಮಾದರಿಯಾಗಿ ಕೊಡಿರಿ. ಅವೆರಡೂ ಬೇರೆಯಾದರೆ ಆಳುಗಳ ಮಾತಿಗೆ ಹೆಚ್ಚು ಬೆಲೆ ಕೊಡುವುದು ಉಚಿತ. ಏಕೆಂದರೆ ಗಡಿಯಾರವು ಒಂದು ದಿನದ ಕೆಲಸವನ್ನು ಅಳೆಯುತ್ತದೆ, ತೋಳು ಸುಗ್ಗಿಯ ಕೆಲಸವನ್ನೆಲ್ಲಾ ಹೊರಬೇಕಾಗಿದೆ.